ಬ್ಯಾರೆ ಡಬ್ಬಿ

"ಸರ್, ಕನೆಕ್ಟ್ ಆತ್ರಿ. ಪ್ರಿಂಟರೂ ನಡ್ಯಾಕತ್ತೈತಿ, ನೋಡ್ರಿ," ಎಂದಳು ಮೇಘಾ.

ಸತೀಶಕುಮಾರ ಕುರ್ಚಿ ಎಳೆದುಕೊಂಡು ಬಂದ. ಅಥಣಿ ರಸ್ತೆಯ ಅವನ ಮನೆಯ ಕೆಳಗಿನ ಅಂತಸ್ತೇ ಆಫೀಸು. ಪುಣೆಯ ಗಿರಾಕಿ ಕಂಪನಿಯ ಕಂಪ್ಯೂಟರುಗಳಿಗೆ ಜೋಡಿಸುವ ವಿಪಿಎನ್ ಹಾಕಿದರೆ ಸಾಕು, ಲಿನಕ್ಸ್ ಮಷಿನ್ನಿನ ನೆಟ್‌ವರ್ಕೆಲ್ಲ ಅದರ ಪಾಲಾಗುತ್ತಿತ್ತು. ಪ್ರಿಂಟರೂ ಇಲ್ಲ, ಆಫೀಸಿನ ಸರ್ವರೂ ಇಲ್ಲ. ದಿನವಿಡೀ ಅದನ್ನು ಹಾಕುವುದು, ತೆಗೆಯುವುದು, ಬೈಯುವುದು.

"ಏನ ಮಾಡಿದಿ?"

"ವಿಪಿಎನ್ನ ಒಂದು ಕಂಟೇನರ್‌ದಾಗ ಇಟ್ಟೀನ್ರಿ. ಡಬ್ಬಿ ಇದ್ದಂಗ. ಅದರ ನೆಟ್‌ವರ್ಕ್ ಬ್ಯಾರೆ, ನಮ್ದು ಬ್ಯಾರೆ. ಕೆಲಸ ಮಾಡತೈತಿ, ಆದ್ರ ಹೊರಗಿಂದು ಏನೂ ಮುಟ್ಟಂಗಿಲ್ಲ."

"ಭಾಳ ಶಾಣ್ಯಾಕಿ ಅದಿ ಬಿಡು. ನಾಳಿ ಎಲ್ಲಾರಿಗೂ ಮ್ಯಾಲ ನಮ್ಮ ಮನ್ಯಾಗ ಹೋಳಿಗಿ ಊಟ."

ಎಲ್ಲಾರಿಗೂ. ಹೊನವಾಡದಿಂದ ಬಸ್ಸಿಗೆ ಬಂದು ಹೋಗುವ ಮೇಘಾ ಕೆಲಸಕ್ಕೆ ಸೇರಿ ವರ್ಷವಾದರೂ ಮೇಲಿನ ಮನೆಯ ಹೊಸ್ತಿಲು ದಾಟಿರಲಿಲ್ಲ. ಸೇರಿದ ಹೊಸದರಲ್ಲಿ ಸತೀಶಕುಮಾರನ ತಾಯಿ ಅಕ್ಕನಾಗಮ್ಮ, "ನಿಮ್ಮ ಮನಿದೇವ್ರು ಯಾರವಾ?" ಎಂದು ಕೇಳಿದ್ದಳು. "ನಾವು ಬುದ್ಧನ್ನ ನಂಬತೀವ್ರಿ," ಎಂದಿದ್ದಳು ಇವಳು. ಅಂದಿನಿಂದ ಉಳಿದವರಿಗೆ ಸ್ಟೀಲ್ ಲೋಟದಲ್ಲಿ ಚಹಾ, ಇವಳೊಬ್ಬಳಿಗೆ ಕಾಗದದ ಕಪ್ಪಿನಲ್ಲಿ. ಕೆಲಸ ನೋಡಿಯಾದರೂ ಇವರ ಮನಸ್ಸು ತಿರುಗೀತು ಎಂದುಕೊಂಡಿದ್ದಳು, ಹುಚ್ಚು ಹುಡುಗಿ.

ಮರುದಿನ ಎಲ್ಲರೂ ಮೆಟ್ಟಿಲು ಹತ್ತಿದರು. ಮೇಘಾ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಸತೀಶಕುಮಾರ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಅವಳ ಮುಖವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ನೋಡುತ್ತ, "ನೀ ಇಲ್ಲೇ ಇರು. ಕನೆಕ್ಷನ್ ಕಡದ್ರ ಯಾರಿಗೂ ತಿಳಿಯಂಗಿಲ್ಲ. ನಿಂದು ಡಬ್ಬ್ಯಾಗ ಕಳಸ್ತೀನಿ," ಎಂದ.

ಹಳೆಯ ಪ್ಲಾಸ್ಟಿಕ್ ಡಬ್ಬಿ ಬಂತು. ತಂದವಳು ಪಕ್ಕದ ಮೇಜಿನ ನೇತ್ರಾ.

"ಡಬ್ಬಿ ತಿರಗಿ ಕೊಡೂದ ಬ್ಯಾಡಂತ. ಅಮ್ಮಾರು ಹೇಳ್ಯಾರ," ಎಂದು ನೆಲ ನೋಡಿದಳು.

ಮೇಘಾ ಡಬ್ಬಿಯನ್ನು ಮೇಜಿನ ತುದಿಗೆ ತಳ್ಳಿದಳು. ಆದರೂ ಹೋಳಿಗೆ ತಿಂದಳು. ಅನ್ನದ ಮೇಲೆ ಯಾಕೆ ಸಿಟ್ಟು? ಡಬ್ಬಿ ತೊಳೆದು, ಎದುರಿನ ಅಂಗಡಿಯಿಂದ ಸಕ್ಕರೆ ತಂದು ತುಂಬಿದಳು. ಮೆಟ್ಟಿಲು ಹತ್ತಿದಳು, ಹೊಸ್ತಿಲು ದಾಟಿದಳು, ಎಲ್ಲರೂ ಉಣ್ಣುತ್ತಿದ್ದ ಮೇಜಿನ ನಡುವೆ ಅದನ್ನು ಇಟ್ಟಳು.

"ನಮ್ಮ ಮನ್ಯಾಗ ಖಾಲಿ ಡಬ್ಬಿ ತಿರಗಿ ಕೊಡೂದಿಲ್ರಿ, ಅಮ್ಮಾರ."

ಅಕ್ಕನಾಗಮ್ಮ ತನ್ನ ತಾಟು ಹಿಂದಕ್ಕೆ ಎಳೆದುಕೊಂಡಳು.

ಮರುದಿನ ಮುಂಜಾನೆ ಮೇಘಾ ಬಂದಾಗ ವಿಪಿಎನ್ ಚಾಲೂ ಇತ್ತು, ಒಮ್ಮೆಯೂ ಕಡಿದಿರಲಿಲ್ಲ. ಕಾಗದದ ಕಪ್ಪಿನಲ್ಲಿ ಚಹಾ ಬಂತು. ಅವಳು ಮುಟ್ಟದೆ ಹಿಂಬಾಗಿಲಿಂದ ಹೊರಗೆ ಹೋದಳು. ಡಬ್ಬಿ ಹಿತ್ತಲಿನ ಕಸದ ಬುಟ್ಟಿಯ ಪಕ್ಕ ಬಿದ್ದಿತ್ತು, ಮುಚ್ಚಳ ಸಡಿಲಾಗಿತ್ತು. ಸಕ್ಕರೆಯ ಹರಳು ಹೊತ್ತ ಇರುವೆಗಳ ಸಾಲು ಗೋಡೆ ಹತ್ತಿ, ಮೇಲಿನ ಅಡುಗೆಮನೆಯ ಕಿಟಕಿಯೊಳಗೆ ಹೋಗುತ್ತಿತ್ತು.