ಮೂರು ಹನಿ ಎಣ್ಣೆ

ಇಪ್ಪತ್ತೇಳನೆಯ ಡಿಸ್ಕ್ ಬಿಸಿಯಾಗಿ ಹೊರಬಂತು. ಅವನು ಅದನ್ನು ಅಂಚಿನಲ್ಲಿ ಹಿಡಿದು ಕವರಿಗೆ ಸೇರಿಸಿ, ಕಂಪ್ಯೂಟರಿನ ಡಬ್ಬಕ್ಕೆ ಕಿವಿಯಿಟ್ಟ. ಒಳಗೆ ಏನೋ ಕರಕರ ಎನ್ನುತ್ತಿತ್ತು. ಮೂವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದ ಕಿವಿ ಅದು. ಸೂಜಿ ಎಲ್ಲಿ ತಾಗುತ್ತಿದೆ ಎಂದು ಬೀದಿಯಲ್ಲಿ ನಿಂತೇ ಹೇಳುತ್ತಿತ್ತು. ತಿರುಗುವುದೆಲ್ಲ ಸವೆಯುತ್ತದೆ, ಕಸುಬು ಅವನಿಗೆ ಕಲಿಸಿದ್ದೇ ಅಷ್ಟು.

ಡಬ್ಬದಲ್ಲಿದ್ದದ್ದು ಹೆಂಡತಿಯ ದನಿ. ಅಂಧ ಮಕ್ಕಳ ಶಾಲೆಗೆಂದು ಮೂರು ವರ್ಷ ಇದೇ ಮೇಜಿನ ಮುಂದೆ ಕೂತು ಅವಳು ಪಾಠಗಳನ್ನು ಓದಿ ರೆಕಾರ್ಡ್ ಮಾಡಿದ್ದಳು. ಗುರುವಾರ ಅವಳ ಗಂಟಲಿಗೆ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಮರುದಿನವೇ ಅವನು ಅಂಗಡಿಗೆ ಬೀಗ ಹಾಕಿ ಪ್ರತಿ ತೆಗೆಯಲು ಕೂತ. ಒಟ್ಟು ನಲವತ್ತು ಡಿಸ್ಕ್ ಬೇಕಿತ್ತು. ನಿಲ್ಲಿಸಿದರೆ ಉಳಿದ ಹದಿಮೂರರ ಪಾಠಗಳಿಗೆ ಈ ಡಬ್ಬವೇ ಗತಿ. ಮುಂದುವರಿಸಿದರೆ ಡಬ್ಬವೇ ಸವೆದು ಕೂತರೆ? ಅತ್ತ ದರಿ, ಇತ್ತ ಪುಲಿ.

ಕೈ ತಾನಾಗಿ ರಿಪೇರಿ ಸಾಮಾನಿನ ಚೀಲಕ್ಕೆ ಹೋಯಿತು. ಉದ್ದ ಮೂತಿಯ ಎಣ್ಣೆ ಡಬ್ಬಿ ತೆಗೆದು, ಡಿಸ್ಕ್ ಇಡುವ ತಟ್ಟೆ ಒಳಹೊರಗೆ ಜಾರುವ ಸಂದಿಗೆ ಮೂರು ಹನಿ ಬಿಟ್ಟ. ಕರಕರ ಎನ್ನುವ ಯಂತ್ರಕ್ಕೆ ಇನ್ನೇನು ಮಾಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟನೆಯದನ್ನು ಒಳಗೆ ತಳ್ಳಿದ. ಅದು ಒಮ್ಮೆ ಗರ್ರೆಂದು ನಿಂತಿತು. ಪರದೆಯೂ ಅಲ್ಲಾಡದಾಯಿತು. ಗಾಬರಿಯಲ್ಲಿ ವಯರು ಕಿತ್ತ. ಮತ್ತೆ ಸಿಕ್ಕಿಸಲು ಮಾತ್ರ ಧೈರ್ಯ ಬರಲಿಲ್ಲ.

ಕರೆ ಹೋದ ಮೇಲೆ ಅವನ ಅಂಗಡಿಯ ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನು ಬಂದು ಡಬ್ಬ ಬಿಚ್ಚಿ, ಡಿಸ್ಕ್ ಡ್ರೈವನ್ನು ಹೊರಗೆಳೆದು ಮೂಸಿದ.

"ಅಣ್ಣಾ, ಎಣ್ಣೆ ಬಿಟ್ರಾ?"

"ಮೂರೇ ಹನಿ."

ರಿಪೇರಿಯವನು ನಗಲು ಹೋಗಿ, ಇವನ ಮುಖ ನೋಡಿ ತಡೆದುಕೊಂಡ. ಡ್ರೈವನ್ನು ಪಕ್ಕಕ್ಕಿಟ್ಟು ಕಂಪ್ಯೂಟರ್ ಹಚ್ಚಿದ. ಪಾಠಗಳ ಪಟ್ಟಿ ಪರದೆಯ ಮೇಲೆ ಬಂತು.

"ಎಲ್ಲಾ ಇದೆ ನೋಡಿ. ಡಿಸ್ಕ್ ಬರೆಯೋ ಡ್ರೈವ್ ಸವೆಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಲವತ್ತಕ್ಕೆಲ್ಲ ಸವೆಯಲ್ಲ. ಹೋದ್ರೂ ಬೇರೆ ಹಾಕಿದ್ರಾಯ್ತು. ಅಕ್ಕನ ದನಿ ಇರೋದು ಹಾರ್ಡ್ ಡಿಸ್ಕಲ್ಲಿ, ಪ್ರತಿ ತೆಗೆದ್ರೆ ಅದಕ್ಕೇನೂ ಅಂಥಾ ಪೆಟ್ಟು ಬೀಳಲ್ಲ."

"ಮತ್ತೆ ಆ ಸದ್ದು?"

"ಅದು ಮೊದಲಿಂದ್ಲೂ ಇರುತ್ತೆ. ನೀವು ಈಗ ಕಿವಿಗೊಟ್ರಿ, ಅಷ್ಟೇ. ನಾಳೆ ಬೇರೆ ಡ್ರೈವ್ ತರ್ತೀನಿ."

"ಇವತ್ತೇ ಆಗಲ್ವಾ?"

"ಅಂಗಡೀಲಿ ಇಲ್ಲ ಅಣ್ಣಾ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ."

ರಿಪೇರಿಯವನು ಹೋದ ಮೇಲೂ ಇವನ ಭಯ ಹೋಗಲಿಲ್ಲ. ಹಾರ್ಡ್ ಡಿಸ್ಕ್ ಗಟ್ಟಿ ಎಂದಾಯಿತು, ಆದರೂ ಮತ್ತೆ ಡಬ್ಬಕ್ಕೆ ಕಿವಿಯಿಟ್ಟ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿ ಈಗಾಗಲೇ ಒಡೆದಿತ್ತು.

"ಎರಡು ದಿನದಿಂದ ಡಬ್ಬಕ್ಕೆ ಕಿವಿ ಇಟ್ಕೊಂಡು ಕೂತಿದ್ದೀರಲ್ಲ. ನಾನಿನ್ನೂ ಇಲ್ಲೇ ಇದ್ದೀನಿ ಕಣ್ರೀ."

"ನಿನ್ನ ದನಿಗೋಸ್ಕರಾನೇ ಇದೆಲ್ಲ."

"ಗೊತ್ತು. ಗುರುವಾರದವರೆಗೂ ಅದು ನನ್ನ ಹತ್ರಾನೇ ಇರುತ್ತೆ."

ಅವಳು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಹೀಗೆ ಎದುರುಬದುರು ಕೂರುವುದರಿಂದಲೇ ಅವನು ಎರಡು ದಿನದಿಂದ ತಪ್ಪಿಸಿಕೊಳ್ಳುತ್ತಿದ್ದದ್ದು. ಏನಾದರೂ ಕೇಳಬೇಕು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡ.

"ನಿಮ್ಮ ಚಿಕ್ಕಮ್ಮ ಪಕ್ಕದ ಮನೆ ಕೋಳಿ ಬಚ್ಚಿಟ್ಟಿದ್ರಲ್ಲ, ಅದೇನಾಯ್ತು?"

ಇಪ್ಪತ್ತು ಸಲವಾದರೂ ಅವಳು ಹೇಳಿದ್ದ ಕಥೆ. ಪ್ರತಿಸಲವೂ ಅವನು ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಅವಳು ಅನುಮಾನದಿಂದ ನೋಡಿದಳು.

"ಗೊತ್ತಲ್ಲ ನಿಮಗೆ."

"ಮರೆತುಹೋಗಿದೆ."

ಅವಳು ಒಂದು ಗುಟುಕು ಬಿಸಿನೀರು ಕುಡಿದು, ಪಕ್ಕದ ಮನೆಯವರು ಕೋಳಿಯನ್ನು ಕೊಂಡು ತಂದ ದಿನದಿಂದಲೇ ಶುರುಮಾಡಿದಳು. ಚಿಕ್ಕಮ್ಮ ಅದನ್ನು ಬಟ್ಟೆಯ ಟ್ರಂಕಿಗೆ ತುಂಬುವಲ್ಲಿಗೆ ಕಥೆ ಬರುವಷ್ಟರಲ್ಲಿ ಹೆಂಡತಿಗೆ ಕೆಮ್ಮು ಬಂತು. ಅವನು ಮಿಸುಕಾಡದೆ ಕಾದ. ಕೆಮ್ಮು ನಿಂತಿತು.

"ಆಮೇಲೆ?" ಅಂದ.