ಏಳನೇ ಹಾಡಿನ ಮೌನ

ಹತ್ತು ವರ್ಷ ಬೇರೆಯವರ ಬರಹ ತಿದ್ದಿದವಳಿಗೆ ಒಂದು ದಿನ ತಾನೇ ಬರೆಯುವ ಸರದಿ ಬಂತು. ಪತ್ರಿಕೆಯ ಸಂಗೀತ ವಿಮರ್ಶಕರು ಜ್ವರ ಬಂದು ಮಲಗಿದ್ದರು. ಎಲ್ಲರೂ ಕಾಯುತ್ತಿದ್ದ ರಾಕ್ ತಂಡದ ಹೊಸ ಆಲ್ಬಂ ಆಗಲೇ ಬಿಡುಗಡೆಯಾಗಬೇಕೆ?

"ನೀನೇ ಬರಿಯಮ್ಮ. ಚೆನ್ನಾಗಿ ಬಂದ್ರೆ ಕರಡು ತಿದ್ದೋ ಮೇಜಿಂದ ನಿನಗೆ ಬಿಡುಗಡೆ," ಎಂದರು ಸಂಪಾದಕರು.

ಸಂಜೆ ಕಾಲೇಜಿನಲ್ಲಿ ಓದಿದ ತನಗೇನು ತಿಳಿಯುತ್ತದೆ ಎಂಬ ಅಳುಕಿನಲ್ಲೇ ಆಫೀಸಿನ ಹಳೇ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದಳು. ಕಿರುಚಾಟಕ್ಕೆ ಹೆಸರಾದ ತಂಡ ಈ ಸಲ ಒಂದು ಮಾತೂ ಹಾಡಿರಲಿಲ್ಲ! ಬರೀ ಡ್ರಮ್ಮು, ಗಿಟಾರು. ಏಳನೇ ಹಾಡಿನಲ್ಲಂತೂ ಅವೂ ನಿಂತು ಒಂದಿಡೀ ನಿಮಿಷ ಏನೂ ಇಲ್ಲ. ಆಮೇಲೆ ಡ್ರಮ್ಮಿನ ಒಂದೇ ಏಟು. ಅವಳ ಮೈ ಜುಮ್ಮೆಂದಿತು. 'ಹಾಡುಗಾರ ಇಲ್ಲಿ ಮೌನವನ್ನೇ ಹಾಡಿದ್ದಾನೆ' ಎಂದು ಬರೆದಳು. ಮುಗಿಸಿದಾಗ ಗಂಟೆ ನಾಲ್ಕು. ಪುಟ ಅಚ್ಚಿಗೆ ಹೋಗುವುದು ಆರಕ್ಕೆ.

ಆದರೆ ಮೇಜಿನ ಅಭ್ಯಾಸ ಬಿಡಬೇಕಲ್ಲ. ಒಬ್ಬರೇ ನೋಡಿದ ಕರಡನ್ನು ಅಲ್ಲಿ ಎಂದೂ ಅಚ್ಚಿಗೆ ಕೊಡುವುದಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಾಲಿನ ಮೇಲೆ ಬೆರಳಿಟ್ಟು ನೋಡಬೇಕು. ಹಾಡಿಗೂ ಎರಡನೆಯವರೊಬ್ಬರು ಬೇಡವೇ? ಎದುರು ರಸ್ತೆಯಲ್ಲಿದ್ದ ಅಣ್ಣನ ರೇಡಿಯೋ ರಿಪೇರಿ ಅಂಗಡಿಗೆ ಓಡಿದಳು.

"ಅಣ್ಣಾ, ಇದರಲ್ಲಿ ಏಳನೇದು ಹಾಕು. ನೀನೂ ಒಂದ್ಸಲ ಕೇಳು."

ಅಣ್ಣ ಅವಳ ಫೋನಿಗೆ ಎರಡು ದೊಡ್ಡ ಸ್ಪೀಕರ್ ಜೋಡಿಸಿದ. ಎಡಗಡೆಯಿಂದ ಅವಳಿಗೆ ಬಾಯಿಪಾಠವಾಗಿದ್ದ ಗಿಟಾರು ಬಂತು. ಬಲಗಡೆಯಿಂದ ಯಾರೋ ಹಾಡತೊಡಗಿದರು.

"ಇದ್ಯಾರೋ?"

"ಹಾಡೋನೇ ಕಣೇ, ಇನ್ಯಾರು! ವಾದ್ಯ ಎಲ್ಲಾ ಈ ಕಡೆ, ಗಂಟಲು ಆ ಕಡೆ. ಹಳೇ ಕಾಲದ ಥರ ಬೇಕಂತ್ಲೇ ಮಾಡಿದಾರೆ. ನಿಮ್ಮ ಹೆಡ್‌ಫೋನಿನ ಒಂದು ಕಿವಿ ಸತ್ತಿರ್ಬೇಕು. ವಿಮರ್ಶಕಿಯಂತೆ, ವಿಮರ್ಶಕಿ!"

ಮೂದಲಿಕೆ ಅವಳ ಕಿವಿಗೆ ಬೀಳಲೇ ಇಲ್ಲ. ಗಿಟಾರು ನಿಂತಿತ್ತು, ಡ್ರಮ್ಮೂ ನಿಂತಿತ್ತು. ಅವಳು ಹೊಗಳಿದ್ದ ಆ ಒಂದು ನಿಮಿಷದ ಮೌನದಲ್ಲಿ, ಇಷ್ಟು ವರ್ಷ ಕಿರುಚಿದ್ದ ಮನುಷ್ಯ ಮಗು ಮಲಗಿದ ಕೋಣೆಯಲ್ಲಿ ಹಾಡುವಂತೆ ಮೆಲ್ಲಗೆ, ಒಬ್ಬನೇ ಹಾಡುತ್ತಿದ್ದ. ನಡುವೆ ಉಸಿರು ಸಾಲದೆ ತಡವರಿಸಿದ. ಅದನ್ನೂ ಹಾಗೇ ಉಳಿಸಿದ್ದರು. ಅಣ್ಣನ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ಆಮೇಲೆ ಅದೇ ಒಂದು ಏಟು.

ಮೊದಲು ಬಂದದ್ದು ಕಣ್ಣೀರು. ಇಡೀ ಆಲ್ಬಂ ಮತ್ತೆ ಮೊದಲಿಂದ ಹಾಕಿಸಿ ಕೇಳಿದಳು. ನಾಚಿಕೆ ಬಂದದ್ದು ರಸ್ತೆ ದಾಟುವಾಗ.

"ಸಾರ್, ನಾನು ಅರ್ಧ ಆಲ್ಬಂ ಕೇಳಿ ಬರ್ದಿದೀನಿ," ಎಂದು ಎಲ್ಲವನ್ನೂ ಹೇಳಿದಳು.

ಸಂಪಾದಕರು ಹಣೆ ಹಣೆ ಚಚ್ಚಿಕೊಂಡರು. "ಐದು ಗಂಟೆ ಆಯ್ತಲ್ಲಮ್ಮ! ಆ ಜಾಗಕ್ಕೆ ಜಾಹೀರಾತು ಹಾಕ್ತೀನಿ. ನೀನು ನಿನ್ನ ಮೇಜಿಗೆ ಹೋಗು."

"ಮುಕ್ಕಾಲು ಗಂಟೆ ಕೊಡಿ ಸಾರ್. ನೀವೇ ಗಟ್ಟಿಯಾಗಿ ಓದಿ, ನಾನು ಬೆರಳಿಟ್ಟು ನೋಡ್ತೀನಿ. ಸರಿಯಿಲ್ಲ ಅನ್ಸಿದ್ರೆ ಜಾಹೀರಾತೇ ಹಾಕಿ."

ತಪ್ಪನ್ನು ಮುಚ್ಚಿಡದೆ ಬರೆದಳು: 'ಮೊದಲು ಒಂದೇ ಕಿವಿಯಲ್ಲಿ ಕೇಳಿದೆ, ಅಷ್ಟಕ್ಕೇ ಬೆರಗಾಗಿದ್ದೆ.'

ಸಂಪಾದಕರು ಗಡಿಬಿಡಿಯಲ್ಲೇ ಓದಲು ಶುರುಮಾಡಿದರು. ಏಳನೇ ಹಾಡಿಗೆ ಬರುವಷ್ಟರಲ್ಲಿ ಅವರ ದನಿ ನಿಧಾನವಾಗಿತ್ತು. ಓದಿ ಮುಗಿಸಿ, ಪುಟಕ್ಕೆ ಸಹಿ ಹಾಕಿ, ಹೆಡ್‌ಫೋನಿಗೆ ಕೈ ಚಾಚಿದರು.

"ಅದರಲ್ಲಿ ಬೇಡ ಸಾರ್," ಎಂದಳು ಅವಳು. "ಬನ್ನಿ, ಅಣ್ಣ ಇನ್ನೂ ಅಂಗಡಿ ಮುಚ್ಚಿರಲ್ಲ."