ವಿಭೂತಿ ಮೂಡಿದ ಆಲ

ರೇವಣಪ್ಪ ಬೆಂಗಳೂರಿನ ಫಲಪುಷ್ಪ ಪ್ರದರ್ಶನದಿಂದ ಒಂದು ಆಲದ ಮರವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹಿಂದೂಪುರಕ್ಕೆ ಬಂದ. ಮೊಳದುದ್ದದ ಮರ, ಆದರೂ ಗಂಟುಗಂಟಾದ ಬುಡ, ಇಳಿಬಿದ್ದ ಬಿಳಲು ಎಲ್ಲವೂ ಇದ್ದವು. "ಬೋನ್ಸಾಯ್ ಅಂತಾರೆ, ಜಪಾನಿನೋರ ಕಲೆ," ಎಂದು ಹೆಂಡತಿ ಭ್ರಮರಾಂಬಳ ಕೈಗಿತ್ತು ಬೆಲ್ಲದ ಮಂಡಿಗೆ ಹೋದ. ಕಲ್ಯಾಣದುರ್ಗದಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಅವಳಿಗೆ ಆ ಮನೆಯಲ್ಲಿ ತನ್ನದೆನ್ನಲು ಸಿಕ್ಕ ಮೊದಲ ವಸ್ತು ಅದು.

ಬೇಸಿಗೆಯಲ್ಲಿ ಎಲೆಗಳ ಸಂದಿನಲ್ಲಿ ಬಿಳಿ ಪುಡಿ ಕಾಣಿಸಿಕೊಂಡಿತು. ಅತ್ತೆ ಗುರುಶಾಂತಮ್ಮ ಅದನ್ನು ನೋಡಿದವರೇ ಸೆರಗು ಹೊದ್ದು ಕೈಮುಗಿದರು. "ಮರದಾಗೆ ವಿಭೂತಿ ಮೂಡೈತೆ ಕಣಮ್ಮ! ಶಿವ ನಮ್ಮನೇಗೆ ಬಂದ್ಬುಟ್ಟವ್ನೆ!"

ಅದು ಹುಳ ಎಂದು ಭ್ರಮರಾಂಬಳಿಗೆ ಗೊತ್ತಿತ್ತು. ತವರಿನ ದಾಸವಾಳಕ್ಕೂ ಇದೇ ಹಿಟ್ಟಿನಂಥ ಹುಳ ಬಿದ್ದಿತ್ತು. ಆದರೆ ಅತ್ತೆಯ ಶಿವನನ್ನು ಹೊಸ ಸೊಸೆ ಹುಳ ಎನ್ನುವುದುಂಟೆ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಬೀದಿಯೆಲ್ಲ ಸುದ್ದಿಯಾಯಿತು. ಪಕ್ಕದ ಮನೆಯ ಚೌಡಕ್ಕ ಹಾಲು ಸಕ್ಕರೆ ಎರೆದಳು. ಸಿಹಿಗೆ ಸಾಲುಗಟ್ಟಿದ ಇರುವೆಗಳು ಹುಳಗಳನ್ನು ಕೊಂಬೆಯಿಂದ ಕೊಂಬೆಗೆ ಹೊತ್ತೊಯ್ದವು. ಇರುವೆ ಬಂದಷ್ಟೂ ಹುಳ ಹೆಚ್ಚಿತು, ಹುಳ ಹೆಚ್ಚಿದಷ್ಟೂ ಭಕ್ತಿ ಹೆಚ್ಚಿತು. ಎಲೆಗಳು ಮಾತ್ರ ಹಳದಿಯಾಗಿ ಉದುರತೊಡಗಿದವು. ಭ್ರಮರಾಂಬ ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಸುದ್ದಿ ಬಸ್ಸು ಹತ್ತಿ ಕಲ್ಯಾಣದುರ್ಗವನ್ನೂ ಮುಟ್ಟಿತು. ಅವಳ ತಾಯಿ ನಿರ್ಮಲಮ್ಮ ದರ್ಶನಕ್ಕೆಂದು ಬಂದಿಳಿದರು. ಗುರುಶಾಂತಮ್ಮ ಬೀಗಿತ್ತಿಯನ್ನು ಸಡಗರದಿಂದ ಮರದ ಮುಂದೆ ಕೂರಿಸಿ, ಕೊಂಬೆಯಿಂದ ಚಿಟಿಕೆ ತೆಗೆದು ಮೊದಲು ತಮ್ಮ ಹಣೆಗೇ ಹಚ್ಚಿಕೊಂಡರು. ಹಣೆ ಅಂಟಂಟಾಯಿತು. ಆಮೇಲೆ ವಿಭೂತಿ ಮೆಲ್ಲಗೆ ಹುಬ್ಬಿನ ಕಡೆ ನಡೆಯತೊಡಗಿತು.

"ಅಯ್ಯೋ, ಪುರುಗು! ಪುರುಗು!" ಚೌಡಕ್ಕ ತೆಲುಗಿನಲ್ಲಿ ಕಿರುಚಿ ಹುಳವನ್ನು ತೋರಿಸಿದಳು.

ಗುರುಶಾಂತಮ್ಮ ಹುಳವನ್ನು ಬೆರಳಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದರು. ಅವರ ಭುಜ ಅಲುಗಿತು, ಹೊಟ್ಟೆ ಕುಲುಕಿತು. "ಇಷ್ಟು ದಿನ ಇದಕ್ಕಾ ನಾನು ಮಂಗಳಾರತಿ ಎತ್ತಿದ್ದು!" ಎಂದು ನಕ್ಕ ನಗುವಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ನಗು ನಿಂತಮೇಲೆ ಸೊಸೆಯತ್ತ ತಿರುಗಿದರು. "ನಿಂಗೆ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಅತ್ತೆ. ನಿಮ್ಗೆ ಬೇಜಾರಾಯ್ತದೆ ಅಂತ..."

"ಮರ ಒಣಗ್ತಾ ಇದ್ರೂ ಸುಮ್ಕಿದ್ದೆಯಾ? ಮರ ನಿಂದು. ನೀನೇ ಯೋಳು, ಈಗ ಏನು ಮಾಡಾನ?"

ಆ ಮನೆಯಲ್ಲಿ ಯಾರೂ ಅವಳನ್ನು ಅದುವರೆಗೆ ಹಾಗೆ ಕೇಳಿರಲಿಲ್ಲ. ಭ್ರಮರಾಂಬ ಸೆರಗು ಸಿಕ್ಕಿಸಿದಳು. ಅಂಟುವಾಳದ ಕಾಯಿ ನೆನೆಹಾಕಿ, ಕಿವುಚಿ, ಆ ನೊರೆಗೆ ಒಂದಿಷ್ಟು ಬೇವಿನೆಣ್ಣೆ ಬೆರೆಸಿದಳು. ಅತ್ತೆಯೂ ತಾಯಿಯೂ ಅಕ್ಕಪಕ್ಕ ಕೂತು, ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದೇ ಎಲೆಯ ಅಡಿ ಒರೆಸಿದರು. ಭ್ರಮರಾಂಬ ಕುಂಡವನ್ನು ನೀರು ತುಂಬಿದ ಪರಾತದ ನಡುವೆ ಕಲ್ಲಿನ ಮೇಲೆ ಇಟ್ಟಳು. ಇರುವೆಗಳು ದಡದಲ್ಲೇ ಉಳಿದವು. ಹುಳ ಮತ್ತೆ ತಲೆಯೆತ್ತಿದಾಗಲೆಲ್ಲ ಮತ್ತೆ ತೊಳೆದರು.

ಶ್ರಾವಣದ ಹೊತ್ತಿಗೆ ಕೊಂಬೆಗಳ ತುದಿಯಲ್ಲಿ ಹೊಸ ಚಿಗುರು ಬಂತು. ಅಷ್ಟರಲ್ಲಿ ಬೀದಿಯ ಹೆಂಗಸರು ಮುರುಟಿದ ಕರಿಬೇವು, ಸೊರಗಿದ ಮಲ್ಲಿಗೆಯ ಚಿಂತೆ ಹೊತ್ತು ಬರತೊಡಗಿದ್ದರು. ಗುರುಶಾಂತಮ್ಮ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಒಳಕ್ಕೆ ಕೈತೋರಿಸುತ್ತಿದ್ದರು: "ನನ್ನ ಕೇಳ್ಬೇಡ್ರಮ್ಮ. ನಮ್ಮ ಸೊಸೆ ಅವ್ಳೆ, ಹೋಗಿ ಕೇಳ್ರಿ."